ಸತ್ತ ಕುದುರೆಗೆ ಮೇವು

ಇಡೀ ಗದಗ ಜಿಲ್ಲೆಯಲ್ಲಿ ಸತ್ತ ಕುದುರೆಗೆ ಮೇವು ಬೆಳೆದವರು ಒಬ್ಬರೇ ಒಬ್ಬರು, ಅವರು ನಮ್ಮ ಮಾಮು! ಬೇಕಾದರೆ ಈ ಮಾತಿಗೆ ಪಂಥ ಕಟ್ಟಲು ನಾನು ತಯಾರು. ಬದುಕಿರುವ ಕುದುರೆಗೆ ಮೇವು ಬೆಳೆಯುವವರು ಬೇಕಾದಷ್ಟು ಜನ ಸಿಗುತ್ತಾರೆ. ಸತ್ತ ಕುದುರೆಯನ್ನು ನೆನೆದು ಎರಡು ಹನಿ ಕಣ್ಣೀರು ಹಾಕುವವರೂ ಇರಬಹುದು. ಆದರೆ ಕುದುರೆ ಮಣ್ಣಾಗಿ ವರ್ಷ ಕಳೆದ ಮೇಲೆ ನಾಲ್ಕು ಎಕರೆ ಹೊಲಕ್ಕೆ ಅದರ ಪ್ರೀತಿಯ ಸೊಪ್ಪನ್ನೇ ಬಿತ್ತಿ, "ಈ ಸರ್ತಿ ಎಳೀದು ಬಂದೈತಿ, ಆಕಿಗೆ ಸೇರ್ತೈತಿ" ಎನ್ನುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕೇಳಿದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಒಂದು ದಿನ ಆ ಹೊಲಕ್ಕೆ ಹೋಗಿ ಬಂದೆ. ಅಂದಿನಿಂದ ನನ್ನ ನಗು ಸ್ವಲ್ಪ ಕಡಿಮೆಯಾಯಿತು.

ಮಾಮು ಎಂದರೆ ನಮ್ಮ ತಾಯಿಯ ಖಾಸಾ ತಮ್ಮ. ಗದಗ ಸ್ಟೇಷನ್ನಿನಿಂದ ಬೆಟಗೇರಿಯವರೆಗೆ ಟಾಂಗಾ ಹೊಡೆಯುತ್ತಿದ್ದರು. ಅವರ ಕುದುರೆಯ ಹೆಸರು ಶಬನಮ್. ಬಿಳಿಯ ಹೆಣ್ಣು ಕುದುರೆ. ಮಾಮುವಿನ ಮದುವೆಯಾದ ವರ್ಷವೇ ಅದನ್ನು ಕೊಂಡದ್ದು. ಮೊದಲು ಬಂದವಳು ಹೆಂಡತಿಯೋ ಕುದುರೆಯೋ ಎಂಬ ವಿಷಯದಲ್ಲಿ ಮನೆಯೊಳಗೆ ಇಪ್ಪತ್ತು ವರ್ಷ ವಾದ ನಡೆಯಿತು. "ನಿಕಾಹ್ ದಿವಸ ಇವರು 'ಕಬೂಲ್' ಅಂದದ್ದು ಯಾರಿಗಂತ ನನಗ ಇವತ್ತಿಗೂ ಗೊತ್ತಿಲ್ಲ" ಎಂದು ಮಾಮಿ ಕಂಡಕಂಡವರ ಮುಂದೆ ಹೇಳುತ್ತಿದ್ದರು. ಅವರು ಅದನ್ನು ಹೆಸರು ಹಿಡಿದು ಕರೆದವರೇ ಅಲ್ಲ. "ನಿಮ್ಮ ಆಕಿ" ಎನ್ನುತ್ತಿದ್ದರು, ಇಲ್ಲವಾದರೆ ನೇರವಾಗಿ "ನನ್ನ ಸವತಿ"! ನಮ್ಮ ಮನೆಗಳಲ್ಲಿ ಆಡುವುದು ಉರ್ದು. ಆದರೆ ಮಾಮಿ ಹಿರೇವಡ್ಡಟ್ಟಿಯಲ್ಲಿ ಹುಟ್ಟಿ ಬೆಳೆದವರು. ಜಗಳಕ್ಕೆ ಮಾತ್ರ ಅವರು ಕನ್ನಡವನ್ನೇ ಆರಿಸಿಕೊಳ್ಳುತ್ತಿದ್ದರು. ಉರ್ದುವಿನಲ್ಲಿ ಬೈದರೆ ಬೈದಂತೆಯೇ ಅನಿಸುವುದಿಲ್ಲವಂತೆ.

ಗದಗ ಹೊಸ ಜಿಲ್ಲೆಯಾದ ಕಾಲ ಅದು. ಕಚೇರಿಗಳಿಗೆ ಹೊಸ ಬೋರ್ಡು ಬಂತು, ಹಳೆಯ ಕುರ್ಚಿಗಳಿಗೆ ಹೊಸ ಸಾಹೇಬರು ಬಂದರು, ಅಂಥದೊಂದು ಕಚೇರಿಯ ಮೂಲೆಯಲ್ಲಿ ನನಗೂ ಗುಮಾಸ್ತನ ಮೇಜು ಸಿಕ್ಕಿತು. ರಸ್ತೆಯ ತುಂಬ ಆಟೋ ಬಂದವು. ಟಾಂಗಾ ಹತ್ತುವವರು ಯಾರು? ಶಬನಮ್ ಸ್ಟೇಷನ್ನಿನ ಮುಂದೆ ನಿಂತು ನಿಂತು ಮುದಿಯಾಗಿ ಒಂದು ಬೆಳಿಗ್ಗೆ ಕಣ್ಣು ಮುಚ್ಚಿತು. ಬೆಟಗೇರಿಯಲ್ಲಿ ಕುದುರೆ ಕಟ್ಟುತ್ತಿದ್ದ ಷೆಡ್ಡಿನ ಹಿಂದೆ ಮಾಮು ಅದಕ್ಕೆಂದೇ ಸೊಪ್ಪು ಬೆಳೆಯುತ್ತಿದ್ದ ಒಂದು ತುಂಡು ಜಾಗವಿತ್ತು. ಅಲ್ಲಿಯೇ ಅದನ್ನು ಮಣ್ಣು ಮಾಡಿದರು. ಕೊರಳಿನ ಗೆಜ್ಜೆಯ ಸದ್ದು ಕೇಳಲಾರೆ ಎಂದು ಅದನ್ನು ಬಟ್ಟೆಯಲ್ಲಿ ಕಟ್ಟಿ ನಮ್ಮ ತಾಯಿಯ ಕೈಗೆ ಕೊಟ್ಟರು. ಅಲ್ಲಿಗೆ ಟಾಂಗಾ ಮುಗಿಯಿತು, ಆದರೆ ಮಾಮುವಿನ ನಾಲಿಗೆಗೆ ಅದು ತಿಳಿಯಲಿಲ್ಲ. ಬಸ್ಸು ಹತ್ತಿದರೆ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು, ದಿನ್ನೆ ಬಂದಾಗಲೆಲ್ಲ ಕುದುರೆಯನ್ನು ಓಡಿಸುವಂತೆ "ಟ್ಕ್ ಟ್ಕ್" ಎನ್ನುತ್ತಿದ್ದರು. ಡ್ರೈವರ್ ಒಮ್ಮೆ ತಿರುಗಿ, "ಸಾಬ್ರ, ನೀವು ಹಂಗ ಅಂದ್ರ ನನಗ ಓಡಬೇಕು ಅನಸ್ತೈತಿ, ಸುಮ್ಮನ ಕುಂಡ್ರಿ" ಎಂದನಂತೆ.

ಈ ನಡುವೆ ಮಾಮಿಯ ತಂದೆ ತೀರಿಕೊಂಡರು. ಅಣ್ಣ ಒಬ್ಬ, ತಮ್ಮ ಒಬ್ಬ, ನಡುವೆ ಮಾಮಿ. ಹೆಣ್ಣುಮಕ್ಕಳಿಗೂ ಪಾಲು ಉಂಟೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹೆಣ್ಣುಮಕ್ಕಳು ಅದನ್ನು ಕೇಳುವುದಿಲ್ಲ ಎಂಬುದೂ ಎಲ್ಲರಿಗೂ ಗೊತ್ತು. ಮಾಮಿ ಕೇಳಿಬಿಟ್ಟರು! ಅಣ್ಣತಮ್ಮಂದಿರು ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಬಹಳ ಉದಾರ ಮನಸ್ಸಿನಿಂದ ನಾಲ್ಕು ಎಕರೆಯ ಬಿಳಿಹೊಲವನ್ನು ತೋರಿಸಿದರು.

ಆ ಹೊಲಕ್ಕೆ ಬಿಳಿಹೊಲ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಸುತ್ತ ಕಣ್ಣು ಹೋದಷ್ಟು ದೂರ ಕರಿಯ ಎರೆಭೂಮಿ, ನಡುವೆ ಇದೊಂದು ಮಾತ್ರ ಉಪ್ಪಿನ ಸವಳು ಎದ್ದು ಬೆಳ್ಳಗೆ ಬಿದ್ದಿತ್ತು. ಜೋಳ ಬಿತ್ತಿದರೆ ಜೋಳವಿಲ್ಲ, ಕುಸುಬಿ ಬಿತ್ತಿದರೆ ಕುಸುಬಿಯಿಲ್ಲ. ಹಕ್ಕಿಗಳು ಅದರ ಮೇಲೆ ಹಾರಿಹೋಗುತ್ತಿದ್ದವೇ ಹೊರತು ಇಳಿಯುತ್ತಿರಲಿಲ್ಲ. ಮಟಮಟ ಮಧ್ಯಾಹ್ನದಲ್ಲಿ ಅಲ್ಲಿ ಯಾರೋ ಹೆಸರು ಹಿಡಿದು ಕರೆಯುತ್ತಾರೆಂದು ಊರಿನ ಹೆಂಗಸರು ಬುತ್ತಿ ಹೊತ್ತು ಸುತ್ತು ಹಾಕಿ ಹೋಗುತ್ತಿದ್ದರು. ಯಾರು ಕರೆಯುತ್ತಾರೆ ಎಂದು ನಾನು ಒಬ್ಬ ಅಜ್ಜಿಯನ್ನು ಕೇಳಿದೆ. "ಅದನ್ನ ತಿರುಗಿ ನೋಡಿದವರು ಹೇಳಬೇಕಪ್ಪಾ, ಅವರ್ಯಾರೂ ಈಗ ಇಲ್ಲ" ಎಂದಳು.

ಕೊಟ್ಟದ್ದು ಇಂಥ ಹೊಲ, ಅದಕ್ಕೂ ಒಂದು ಕರಾರು! ಜಮಾತಿನ ಹಿರಿಯರ ಮುಂದೆ ಅಣ್ಣ ಹೇಳಿದ: "ಎರಡು ಹಿಂಗಾರಿ ನೋಡೂಣು. ಅಷ್ಟರಾಗ ಹೊಲ ಹಸರ ಆದ್ರ ನಿನ್ನ ಹೆಸರಿಗೆ. ಆಗಲಿಲ್ಲಂದ್ರ ಸುಮ್ಮನ ಸಹಿ ಮಾಡಿ ತಿರುಗಿ ಕೊಡಬೇಕು. ಮತ್ತ ಪಾಲು ಗೀಲು ಅಂತ ಬಾಯಿ ತಗೀಬಾರದು." ಏನೂ ಬೆಳೆಯದ ಹೊಲ ಇವರಿಗೆ ಯಾಕೆ ಬೇಕಿತ್ತು? ಸಿಂಗಟಾಲೂರಿನ ಹತ್ತಿರ ಹೊಳೆಯ ನೀರನ್ನು ಮೇಲೆತ್ತಿ ಈ ಸೀಮೆಗೆ ತರುತ್ತಾರೆಂಬ ಸುದ್ದಿ ಆಗಲೇ ಚಹಾದ ಅಂಗಡಿಗಳಲ್ಲಿ ಓಡಾಡುತ್ತಿತ್ತು.

ಮಾಮಿ ಕರಾರಿಗೆ ಒಪ್ಪಿದರು. ಹೊಲ ತನ್ನದಾಗುವವರೆಗೆ ಅದರೊಳಗೆ ಕಾಲಿಡುವುದಿಲ್ಲ ಎಂದೂ ಹೇಳಿದರು. ಅವರಿಗೆ ಬೇಕಾಗಿದ್ದದ್ದು ಜೋಳವಲ್ಲ. ನಮ್ಮ ತಾಯಿಯ ಮುಂದೆ ಒಲೆಯ ಬಳಿ ಕೂತು ಅವರು ಹೇಳಿದ್ದನ್ನು ನಾನು ಕೇಳಿದ್ದೇನೆ: "ನಾನೂ ಅಬ್ಬಾನ ಮಗಳು ಹೌದೋ ಅಲ್ಲೋ, ಅದೊಂದು ಗೊತ್ತಾದ್ರ ಸಾಕು." ಅಂದು ಅವರು ಅದನ್ನು ಉರ್ದುವಿನಲ್ಲಿಯೇ ಹೇಳಿದರು.

ಮಾಮು ಗಂಟುಮೂಟೆ ಕಟ್ಟಿ ಹಿರೇವಡ್ಡಟ್ಟಿಯಲ್ಲಿ ಒಂದು ಕೋಣೆ ಹಿಡಿದರು. ಊರವರು ಹತ್ತು ಬೆಳೆಯ ಹೆಸರು ಹೇಳಿದರು. ಮಾಮು ಹೇಳಿದ್ದು ಒಂದೇ: "ನನಗ ಮೂರೆಲಿ ಒಂದ ಬೆಳ್ಯಾಕ ಬರ್ತೈತಿ." ಮೂರೆಲೆ ಎಂದರೆ ಬರ್ಸೀಮ್. ಪುಣೆಯ ಕಡೆಯ ಕುದುರೆಯವನೊಬ್ಬ ಬಹಳ ಹಿಂದೆ ಒಂದು ಹಿಡಿ ಬೀಜ ಕೊಟ್ಟಿದ್ದನಂತೆ. ನೋಡಲು ಮೆಂತ್ಯದ ದೂರದ ನೆಂಟನ ಹಾಗೆ ಇರುತ್ತದೆ, ಒಂದು ತೊಟ್ಟಿಗೆ ಮೂರು ಎಲೆ. ಚಳಿಗಾಲದಲ್ಲಿ ಬಿತ್ತಿದರೆ ಕೊಯ್ದಷ್ಟೂ ಮತ್ತೆ ಚಿಗುರುತ್ತದೆ. ದನ, ಕುರಿ, ಕುದುರೆ ಎಲ್ಲಕ್ಕೂ ಪ್ರಾಣ. ಸವಳನ್ನೂ ಅಷ್ಟಿಷ್ಟು ತಡೆದುಕೊಳ್ಳುತ್ತದೆ, ಬೆಳೆದು ಹೋದ ಮೇಲೆ ಭೂಮಿಯನ್ನು ಮೊದಲಿಗಿಂತ ಮೆತ್ತಗೆ ಮಾಡಿ ಹೋಗುತ್ತದೆ. ಇಷ್ಟೆಲ್ಲ ಗುಣವಿದ್ದರೂ ಹಿರೇವಡ್ಡಟ್ಟಿಯವರಿಗೆ ಕಂಡದ್ದು ಒಂದೇ ಸಂಗತಿ: ಟಾಂಗಾ ಸಾಬ ಕುದುರೆಯ ಮೇವು ಬಿತ್ತುತ್ತಾನೆ, ಕುದುರೆ ಸತ್ತಿದೆ!

ಮೊದಲ ವರ್ಷ ಹೊಲದ ಮೂಲೆಯ ಹಳೆಯ ಬಾವಿಯಿಂದ ನೀರು ಹಾಯಿಸಿ ಬಿತ್ತಿದರು. ಮೊಳಕೆ ಬಂತು. ಬೆರಳುದ್ದ ಬೆಳೆದು ಹಳದಿಯಾಗಿ ಸತ್ತುಹೋಯಿತು. ಮಾಮಿಯ ಅಣ್ಣ ಬದುವಿನ ಮೇಲೆ ನಿಂತು, "ಭಾವಾ, ನಿನ್ನ ಕುದರಿ ಎಲ್ಲಾ ಮೇಯ್ದು ಹೋತೇನು?" ಎಂದು ಕೇಳಿದ. ಮಾಮು ಗಂಭೀರವಾಗಿ, "ಇಲ್ಲ, ಆಕಿ ಇನ್ನೂ ಬಂದಿಲ್ಲ" ಎಂದರು. ಅಣ್ಣ ನಗಲು ಬಾಯಿ ತೆರೆದವನು ಯಾಕೋ ಹಾಗೆಯೇ ಮುಚ್ಚಿಕೊಂಡು ಮನೆಗೆ ಹೋದ.

ಮುಂಡರಗಿಯಿಂದ ಕೃಷಿ ಇಲಾಖೆಯ ಸಹಾಯಕರೊಬ್ಬರು ಬಂದು ಒಂದು ಸಸಿ ಕಿತ್ತು ಬೇರು ನೋಡಿದರು. "ಬೇರಿನಾಗ ಗಂಟಿಲ್ಲ ನೋಡ್ರಿ. ಈ ಬೆಳಿಗೆ ಬೇಕಾದ ಸೂಕ್ಷ್ಮಜೀವಿ ಈ ಮಣ್ಣಿನಾಗ ಇಲ್ಲ. ಹಿಂದ ಎಲ್ಲೆರ ಇದ ಬೆಳಿ ಬೆಳದಿದ್ದ ಜಾಗದ ಮಣ್ಣು ತಂದು, ಬಿಸಿಲು ಇಳಿದ ಮ್ಯಾಲ ಬೀಜದ ಜೋಡಿ ಚೆಲ್ಲರಿ. ಅದರಾಗಿಂದು ಇದಕ್ಕ ಹತ್ತತೈತಿ" ಎಂದರು. ಸಹಾಯಕರು ಹೇಳಿದ್ದು ಶಾಸ್ತ್ರಶುದ್ಧವಾದ ಮಾತು. ಆದರೆ ಈ ಬೆಳೆ ಹಿಂದೆ ಬೆಳೆದಿದ್ದ ಜಾಗ ಸುತ್ತಲ ಸೀಮೆಯಲ್ಲಿ ಒಂದೇ ಒಂದಿತ್ತು. ಅದು ಬೆಟಗೇರಿಯ ಷೆಡ್ಡಿನ ಹಿಂದೆ. ಅದರಡಿಯಲ್ಲಿ ಮಲಗಿದ್ದವಳು ಯಾರೆಂದು ನಿಮಗೆ ಗೊತ್ತೇ ಇದೆ!

"ಗೋರಿ ಮಣ್ಣು ತಂದು ನಮ್ಮಪ್ಪನ ಹೊಲಕ್ಕ ಹಾಕ್ತೀರೇನು?" ಎಂದು ಮಾಮಿ ಕೂಗಿದರು. "ಸಾಯೋತನಕ ಕಾಡಿದ್ದು ಸಾಲಲಿಲ್ಲೇನು ಆಕೀದು?"

"ಗೋರಿ ಎಲ್ಲೈತಿ? ಬರೇ ಮ್ಯಾಲಿನ ಮಣ್ಣು ತರ್ತೀನಿ. ಆಕಿ ಎಚ್ಚರ ಆಗಂಗಿಲ್ಲ" ಎಂದರು ಮಾಮು.

ಎರಡನೆಯ ವರ್ಷದ ಬಿತ್ತನೆಗೆ ಮುಂಚೆ ಮಾಮು ನಾಲ್ಕು ಚೀಲ ಮಣ್ಣು ತುಂಬಿ ಗದಗಿನಲ್ಲಿ ಮುಂಡರಗಿಯ ಬಸ್ಸು ಹತ್ತಿದರು. ಚೀಲಕ್ಕೆ ಬಿಸಿಲು ತಾಗಬಾರದೆಂದು ತಮ್ಮ ಶಾಲು ಹೊದಿಸಿ, ಪಕ್ಕದಲ್ಲಿ ಕೂತು, ಕೈಯಿಂದ ತಟ್ಟುತ್ತಿದ್ದರು. ಬಸ್ಸಿನ ತುಂಬ ಜನ. ಜೊತೆಗೆ ನಾನೂ ಇದ್ದೆ, ಆದ್ದರಿಂದ ಇದು ಕೇಳಿದ ಮಾತಲ್ಲ. ಕಂಡಕ್ಟರ್ ಬಂದು, "ಇದರಾಗ ಏನೈತ್ರೀ ಸಾಬ್ರ?" ಎಂದ.

"ಶಬನಮ್" ಎಂದರು ಮಾಮು.

"ಅಂದ್ರ?"

"ನಮ್ಮ ಮನಿಯಾಕಿ. ತೀರಿಕೊಂಡು ವರ್ಷದ ಮ್ಯಾಲಾತು."

ನಾನು ಕುದುರೆ ಎಂದು ಬಿಡಿಸಿ ಹೇಳಬೇಕೆನ್ನುವಷ್ಟರಲ್ಲಿ ನಮ್ಮ ಮುಂದಿನ ಎರಡು ಸೀಟು, ಹಿಂದಿನ ಮೂರು ಸೀಟು ಖಾಲಿಯಾದವು. ಕಂಡಕ್ಟರ್ ಲಗೇಜಿನ ಟಿಕೆಟ್ಟು ಹರಿಯಲಿಲ್ಲ. ಮುಂಡರಗಿ ಬಂತು. ಇಳಿಯುವಾಗ ಒಬ್ಬ ಮುದುಕ ಟೋಪಿ ತೆಗೆದು ಚೀಲಗಳಿಗೆ ಕೈಮುಗಿದ. ಮಾಮುವೂ ಗಂಭೀರವಾಗಿ ತಲೆಬಾಗಿದರು. ನಗು ತಡೆಯಲು ನಾನು ಪಟ್ಟ ಪಾಡು ಆ ದೇವರಿಗೇ ಗೊತ್ತು. ಆದರೆ ಚೀಲ ಹೊತ್ತು ಇಳಿಸುವಾಗ ನನ್ನ ನಗು ನಿಂತುಹೋಯಿತು. ಮಣ್ಣಿನ ಚೀಲ ತಣ್ಣಗಿರಬೇಕಲ್ಲವೇ? ಅದು ಓಡಿ ಬಂದ ಪ್ರಾಣಿಯ ಮೈಯಂತೆ ಬೆಚ್ಚಗಿತ್ತು. ಬಸ್ಸಿನ ಎಂಜಿನ್ನಿನ ಕಾವು ಎಂದು ನನಗೆ ನಾನೇ ಹೇಳಿಕೊಂಡೆ.

ಮಣ್ಣು ಚೆಲ್ಲುವುದು ಬಿಸಿಲು ಇಳಿದ ಮೇಲೆ. ಮಾಮು ಅದಕ್ಕೆ ಬುಟ್ಟಿ ಹಿಡಿಯಲಿಲ್ಲ. ಕುದುರೆಯ ಮುಖಕ್ಕೆ ಕಟ್ಟಿ ಹುರುಳಿ ತಿನ್ನಿಸುವ ಚೀಲವಿರುತ್ತದಲ್ಲ, ಆ ತೋಬರಾವನ್ನು ತಮ್ಮ ಕೊರಳಿಗೆ ಹಾಕಿಕೊಂಡು ಅದರೊಳಗೆ ಮಣ್ಣು ಮತ್ತು ಬೀಜ ತುಂಬಿಕೊಂಡರು. ಬೀಜ ಗಾಳಿಗೆ ಹಾರಬಾರದೆಂದು ತಲೆ ಬಗ್ಗಿಸಿ, "ಟ್ಕ್ ಟ್ಕ್" ಎನ್ನುತ್ತ, ಒಂದು ಹೆಜ್ಜೆಗೆ ಒಂದು ಹಿಡಿಯಂತೆ ಚೆಲ್ಲುತ್ತ ಹೊಲದ ಉದ್ದಕ್ಕೂ ನಡೆದರು. ದೂರದ ದಾರಿಯಲ್ಲಿ ಹೋಗುತ್ತಿದ್ದವರಿಗೆ ಆ ಮಬ್ಬಿನಲ್ಲಿ ಕಂಡದ್ದೇನು? ಯಾರೂ ಕಾಲಿಡದ ಬಿಳಿಹೊಲದಲ್ಲಿ ಕುದುರೆಯ ಮೂತಿಯ ಮನುಷ್ಯನೊಬ್ಬ ನಡೆಯುತ್ತಿದ್ದಾನೆ! ಒಬ್ಬ ಚಕ್ಕಡಿ ಬಿಟ್ಟು ಓಡಿಹೋದ. ಎತ್ತುಗಳು ತಾವೇ ಚಕ್ಕಡಿ ಎಳೆದುಕೊಂಡು ಅವನಿಗಿಂತ ಮೊದಲು ಮನೆ ಮುಟ್ಟಿದವಂತೆ.

ಈ ಸಲ ಮೊಳಕೆ ಬಂತು, ಹಳದಿಯಾಗಲಿಲ್ಲ. ಆದರೆ ಬಂದ ರೀತಿ ಮಾತ್ರ ವಿಚಿತ್ರವಾಗಿತ್ತು. ಹೊಲವೆಲ್ಲ ಒಂದೇ ಸಮ ಹಸಿರಾಗಲಿಲ್ಲ. ಮೊದಲು ಅಲ್ಲೊಂದು ಇಲ್ಲೊಂದು ದುಂಡಗಿನ ಕಡುಹಸಿರು ಮಚ್ಚೆಗಳು ಎದ್ದವು. ಒಂದೊಂದೂ ಊಟದ ತಟ್ಟೆಯಷ್ಟು, ಒಂದರಿಂದ ಒಂದಕ್ಕೆ ಹೆಜ್ಜೆಯಷ್ಟು ದೂರ. ನಾನು ಬದುವಿನ ಮೇಲೆ ನಿಂತು ನೋಡಿದೆ. ಬಿಳಿಯ ನೆಲದ ಮೇಲೆ ಹಸಿರು ಗೊರಸುಗಳು ಹೊಲದ ಈ ತುದಿಯಿಂದ ಹೊರಟು ಬಾವಿಯವರೆಗೆ ಹೋಗಿ, ಅಲ್ಲಿ ನಾಲ್ಕು ಸುತ್ತು ಹಾಕಿ ವಾಪಸು ಬರುತ್ತಿದ್ದವು. ಕಾರಣ ನನಗೆ ಗೊತ್ತಿಲ್ಲದೆ ಇಲ್ಲ. ಮಾಮು ಹಿಡಿ ಮಣ್ಣು ಹಾಕಿದಲ್ಲೆಲ್ಲ ಸಸಿ ಬೇಗ ಬಲಿತಿದೆ, ಅಷ್ಟೆ. ಆದರೆ ಬಾವಿಯ ಸುತ್ತ ನೀವು ಚೆಲ್ಲಿದಿರಾ ಎಂದು ಕೇಳಿದರೆ ಮಾಮು, "ಇಲ್ಲಲೇ, ಅಲ್ಲಿ ಯಾಕ ಚೆಲ್ಲಲಿ? ಅಲ್ಲಿ ಆಕಿ ನೀರ ಕುಡದಿರಬೇಕು" ಎಂದುಬಿಟ್ಟರು.

ತಿಂಗಳೊಳಗೆ ಮಚ್ಚೆಗೆ ಮಚ್ಚೆ ಕೂಡಿ ನಾಲ್ಕೂ ಎಕರೆ ಹಸಿರಾಯಿತು. ಸಂಜೆಯಾದರೆ ಆ ಎಲೆಗಳು ಮೂರಕ್ಕೆ ಮೂರೂ ಮೇಲೆದ್ದು ಒಂದಕ್ಕೊಂದು ಅಂಟಿ ಮುಚ್ಚಿಕೊಳ್ಳುತ್ತವೆ. ಗಿಡದ ಸ್ವಭಾವವೇ ಅದು. ಆದರೆ ಗಾಳಿಯಿಲ್ಲದ ಹೊತ್ತಿನಲ್ಲಿ ನಾಲ್ಕು ಎಕರೆ ಒಮ್ಮೆಗೇ ಕಣ್ಣು ಮುಚ್ಚುವುದನ್ನು ನೀವು ಒಬ್ಬರೇ ನಿಂತು ನೋಡಬೇಕು. ನಾನು ಎರಡನೆಯ ಸಲ ನಿಂತು ನೋಡಲಿಲ್ಲ.

ಒಂದು ರವಿವಾರ ಮಧ್ಯಾಹ್ನ ಮಾಮು ಮತ್ತು ನಾನು ಬದುವಿನ ಮೇಲೆ ರೊಟ್ಟಿ ತಿನ್ನುತ್ತಿದ್ದೆವು. ಸುತ್ತ ಒಂದು ದನವಿಲ್ಲ, ಜನವಿಲ್ಲ. ಹೊಲದ ನಡುವಿನಿಂದ ಸದ್ದು ಬಂತು. ಕರಕ್, ಕರಕ್, ಸ್ವಲ್ಪ ನಿಂತು ಮತ್ತೆ ಕರಕ್. ಬಾಲ್ಯದಲ್ಲಿ ಷೆಡ್ಡಿನಲ್ಲಿ ಕೂತು ನಾನು ದಿನವೂ ಕೇಳಿದ ಸದ್ದದು. ನನ್ನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು.

"ಮಾಮು, ಏನದು?"

"ಉಣ್ಣಾಕ ಹತ್ತ್ಯಾಳ. ನೀನೂ ಉಣ್ಣು, ನಡುವ ಮಾತಾಡಬ್ಯಾಡ."

ಬಿರುಕು ಬಿಟ್ಟ ಎರೆಮಣ್ಣು ನೀರು ಕುಡಿಯುವಾಗ ಇಂಥ ಸದ್ದು ಮಾಡುತ್ತದೆ ಎಂದು ಆಮೇಲೆ ನನಗೆ ತಿಳಿದವರು ಹೇಳಿದರು. ನಾನು ಸಂತೋಷದಿಂದ ನಂಬಿದೆ. ಆದರೆ ಅಂದು ಹೊಲಕ್ಕೆ ನೀರು ಬಿಟ್ಟಿರಲಿಲ್ಲ.

ಮಾಮಿಯ ತಮ್ಮನಿಗೆ ಆದದ್ದು ಇದಕ್ಕಿಂತ ಮೋಜಿನದು. ಅವನು ಒಂದು ಸಸಿ ಕಿತ್ತು, "ಇದೇನು ಗಂಟು, ರೋಗ ಬಂದೈತೇನು?" ಎಂದು ಬೇರಿನ ಗಂಟನ್ನು ಉಗುರಿನಿಂದ ಚಿವುಟಿದ. ಒಳಗೆ ಕೆಂಪು! ಚೆನ್ನಾಗಿ ಹತ್ತಿದ ಗಂಟು ಒಳಗೆ ಕೆಂಪಗೇ ಇರುತ್ತದೆ, ಭೂಮಿಗೆ ಸತ್ವ ತುಂಬುತ್ತಿದೆ ಎಂಬುದಕ್ಕೆ ಅದೇ ಗುರುತು ಎಂದು ಸಹಾಯಕರು ಮಾಮುವಿಗೆ ಹೇಳಿದ್ದರು. ತಮ್ಮನಿಗೆ ಯಾರು ಹೇಳಬೇಕು? ಅವನು ಬೆರಳಿನ ಕೆಂಪನ್ನು ನೋಡುತ್ತ ನಿಂತ. ಮಾಮು ಹಿಂದಿನಿಂದ ಮೆಲ್ಲಗೆ, "ಮೆತ್ತಗ ಚಿವುಟಪ್ಪಾ, ಆಕಿಗೆ ನೋಯ್ತೈತಿ" ಎಂದರು. ತಮ್ಮ ಮೂರು ದಿನ ಜ್ವರ ಹಿಡಿದು ಮಲಗಿದ.

ಅಷ್ಟರಲ್ಲಿ ಊರಿನಲ್ಲಿ ಇನ್ನೊಂದು ಸುದ್ದಿ ಹಬ್ಬಿತು. ನಸುಕಿನ ಮಂಜಿನಲ್ಲಿ ಬಿಳಿಹೊಲದ ಕಡೆಯಿಂದ ಗೆಜ್ಜೆಯ ಸದ್ದು ಬರುತ್ತದೆಯಂತೆ. ಇದನ್ನು ಕೇಳಿ ನಾನು ಗದಗಿಗೆ ಬಂದವನೇ ಕಪಾಟು ತೆರೆದೆ. ಮಾಮು ಕೊಟ್ಟಿದ್ದ ಬಟ್ಟೆಯ ಗಂಟು ಅಲ್ಲಿಯೇ ಇತ್ತು, ಬಿಚ್ಚಿದರೆ ಗೆಜ್ಜೆಯೂ ಇತ್ತು, ಮೇಲೆ ಧೂಳೂ ಇತ್ತು. ನಮ್ಮ ತಾಯಿ, "ಏನು ಹುಡುಕುತ್ತಿ?" ಎಂದರು. ಏನೂ ಇಲ್ಲ ಎಂದೆ.

ಕರಾರಿನ ದಿನ ಬಂತು. ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಜಮಾತಿನ ಹಿರಿಯರು ಬಂದು ಹೊಲ ನೋಡುವುದೆಂದು ಮಾತಾಗಿತ್ತು. ನಾನು ಹಿಂದಿನ ದಿನವೇ ಹೋಗಿದ್ದೆ. ಮಾಮಿ ನಮಾಜು ಮುಗಿಸಿ, ಪೆಟ್ಟಿಗೆಯಿಂದ ಹೊಸ ಸೀರೆ ತೆಗೆದು, ಉಡದೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಮಾಮು ಮತ್ತು ನಾನು ಮಂಜಿನಲ್ಲಿಯೇ ಹೊಲಕ್ಕೆ ನಡೆದೆವು. ಬದು ಹತ್ತಿದವರು ಅಲ್ಲಿಯೇ ನಿಂತೆವು.

ಹೊಲ ಬೋಳಾಗಿತ್ತು. ಬಿಳಿಯ ಮಂಜಿನ ನಡುವೆ ಆರು ಎತ್ತುಗಳು ಸದ್ದಿಲ್ಲದೆ ನಿಂತಿದ್ದವು. ಮೇಯುತ್ತಿರಲಿಲ್ಲ, ಬಾಲ ಅಲ್ಲಾಡಿಸುತ್ತಿರಲಿಲ್ಲ, ಮೆಲುಕು ಹಾಕುತ್ತಿರಲಿಲ್ಲ. ಒಂದೊಂದರ ಎಡಪಕ್ಕೆಯೂ ನಗಾರಿಯಂತೆ ಉಬ್ಬಿತ್ತು. ಕಣ್ಣುಗಳು ಹೊರಗೆ ಬಂದಿದ್ದವು. ಮಾಮಿಯ ಅಣ್ಣತಮ್ಮಂದಿರ ಮೂರು ಜೋಡಿ ಎತ್ತುಗಳು ಅವು. ಅವರಿಬ್ಬರೂ ಬದುವಿನ ಆಚೆ ಬಿಳಿಚಿಕೊಂಡು ನಿಂತಿದ್ದರು.

ಮಾಮು ಯಾವಾಗಲೂ ಬರ್ಸೀಮನ್ನು ಕೊಯ್ದು, ಬಾಡಿಸಿ, ಜೋಳದ ಒಣ ಕಣಕಿ ಬೆರೆಸಿಯೇ ಅವರಿವರ ದನಕ್ಕೆ ಕೊಡುತ್ತಿದ್ದರು. ಇಬ್ಬನಿ ಹತ್ತಿದ ಎಳೆಯ ಸೊಪ್ಪನ್ನು ಹಸಿದ ಹೊಟ್ಟೆಯಲ್ಲಿ ಮೇಯ್ದರೆ ದನ ಹೊಟ್ಟೆಯುಬ್ಬಿ ಗಂಟೆಯೊಳಗೆ ಸಾಯುತ್ತದೆ. ಮೇವು ಬೆಳೆದವನಿಗೆ ಗೊತ್ತಿರುವ ಈ ಸಂಗತಿ ಮೇವು ಕದ್ದು ಮೇಯಿಸಿದವರಿಗೆ ಹೇಗೆ ಗೊತ್ತಾಗಬೇಕು?

"ಹಗ್ಗ ಹರಕೊಂಡು ಹೋದ್ವು ಭಾವಾ" ಎಂದ ಅಣ್ಣ.

"ಆರೂ ಹಗ್ಗ ಒಮ್ಮಿಗೇ ಹರದ್ವೇನು?" ಎಂದೆ ನಾನು.

ತಮ್ಮ ಅಳುವ ದನಿಯಲ್ಲಿ, "ಖುರಾನ್ ಮುಟ್ಟಿ ಹೇಳ್ತೀನಿ, ನಾವು ಬಿಚ್ಚಬೇಕಂತ ಮಾಡಿದ್ದು ಖರೆ. ಆದ್ರ ನಾವು ಕೊಟ್ಟಿಗಿಗೆ ಹೋಗೂದರಾಗ ಹೊಲದಾಗ ಗೆಜ್ಜಿ ಸಪ್ಪಳಾತು. ಎತ್ತು ತಾವ ಹಗ್ಗ ಹರಕೊಂಡು ಆ ಸಪ್ಪಳದ ಹಿಂದ ಹೋದ್ವು" ಎಂದ.

ನನಗೆ ಕಪಾಟಿನ ಗೆಜ್ಜೆ, ಅದರ ಮೇಲಿನ ಧೂಳು ನೆನಪಾಯಿತು. ಮಾಮು ಹೊಲವನ್ನು ಒಮ್ಮೆ ನೋಡಿದರು. ಎರಡು ವರ್ಷದ ಕೆಲಸ, ಹೆಂಡತಿಯ ಪಾಲು, ಎಲ್ಲ ಆ ಆರು ಹೊಟ್ಟೆಗಳ ಒಳಗೆ ಸೇರಿತ್ತು. ಒಂದೇ ನಸುಕಿನಲ್ಲಿ ಆರು ಎತ್ತು ನಾಲ್ಕು ಎಕರೆ ಮುಗಿಸಿದ್ದು ಹೇಗೆಂದು ಮಾತ್ರ ನನ್ನನ್ನು ಕೇಳಬೇಡಿ! ನಾನಾಗಿದ್ದರೆ ಎತ್ತು ಸಾಯುವವರೆಗೆ ಕೈಕಟ್ಟಿ ನಿಂತು ನೋಡುತ್ತಿದ್ದೆ, ಸುಳ್ಳೇಕೆ ಹೇಳಲಿ! ಮಾಮು ಮಾತ್ರ ಶಾಲು ಎಸೆದು, "ಜಲ್ದಿ ಹೋಗಿ ಕುಸುಬಿ ಎಣ್ಣಿ ತರ್ರಿ, ಗೊಟ್ಟ ತರ್ರಿ! ನಿಂತು ಏನ್ ನೋಡ್ತೀರಿ?" ಎಂದು ಕಿರುಚಿದರು. ಬೇವಿನ ಟೊಂಗೆ ಮುರಿದು, ಕುದುರೆಗೆ ಲಗಾಮು ಹಾಕುವಂತೆ ಒಂದೊಂದು ಎತ್ತಿನ ಬಾಯಿಗೂ ಅಡ್ಡ ಕಟ್ಟಿದರು. ಅದನ್ನು ಅಗಿಯುತ್ತ ಜೊಲ್ಲು ಸುರಿಯಬೇಕು, ಗಾಳಿ ಮೇಲೇರಿ ಹೊರಬರಬೇಕು. ಬಿದಿರಿನ ಗೊಟ್ಟದಲ್ಲಿ ಎಣ್ಣೆ ತುಂಬಿ ಗಂಟಲಿಗೆ ಸುರಿದರು. ಆಮೇಲೆ "ಟ್ಕ್ ಟ್ಕ್" ಎನ್ನುತ್ತ ಆರನ್ನೂ ದಿನ್ನೆಯ ಕಡೆಗೆ ನಡೆಸಿದರು. ಒಂದು ಎತ್ತು ಮೊಣಕಾಲೂರಿ ಕುಸಿಯಿತು. ಮಾಮು ಅದರ ಕಿವಿಯಲ್ಲಿ ಏನೋ ಹೇಳಿ ಎಬ್ಬಿಸಿದರು. ಏನು ಹೇಳಿದರೆಂದು ಇಂದಿಗೂ ನನಗೆ ಗೊತ್ತಿಲ್ಲ.

ಬಿಸಿಲೇರಿತು. ಮೊದಲನೆಯ ಎತ್ತು ಬಾಯ್ತೆರೆದು ಒಂದು ಡೇಗು ತೇಗಿತು. ಆಹಾ, ಅದೆಂಥ ಡೇಗು! ಅದರ ಹಿಂದೆ ಎರಡನೆಯದು, ಮೂರನೆಯದು. ಜಮಾತಿನ ಹಿರಿಯರು ಕೋಲೂರಿಕೊಂಡು ಬಂದದ್ದು ಸರಿಯಾಗಿ ಈ ಸಂಗೀತ ಕಛೇರಿಯ ನಡುವೆ. ಮಾಮಿ ಅವರ ಹಿಂದೆ ನಡೆದು ಬಂದು, ಬದುವಿನ ಮೇಲೆ ನಿಂತು, ಬೋಳು ಹೊಲವನ್ನು ನೋಡಿದರು. ಜಗಳವಾಡಲಿಲ್ಲ. ಒಂದು ಮಾತೂ ಆಡಲಿಲ್ಲ. ಅವರು ಹಾಗೆ ಸುಮ್ಮನಾದದ್ದನ್ನು ನಾನು ನೋಡಿರಲಿಲ್ಲ, ನನಗೆ ಗೆಜ್ಜೆಯ ಸದ್ದಿಗಿಂತ ಹೆಚ್ಚು ಹೆದರಿಕೆಯಾದದ್ದು ಅದರಿಂದಲೇ.

ಅಣ್ಣ ಧೈರ್ಯ ತಂದುಕೊಂಡು, "ಹಸರು ಎಲ್ಲೂ ಕಾಣವಲ್ದು ನೋಡ್ರಿ" ಎಂದ.

ಹಿರಿಯರು ಎತ್ತುಗಳನ್ನು ನೋಡಿದರು, ಹೊಲವನ್ನು ನೋಡಿದರು, ಕೋಲಿನಿಂದ ಒಂದು ಎತ್ತಿನ ಹೊಟ್ಟೆಯನ್ನು ಮೆಲ್ಲಗೆ ತಟ್ಟಿದರು. "ಹಸರಿಲ್ಲದ ಹೊಲದಾಗ ಆರು ಎತ್ತಿನ ಹೊಟ್ಟಿ ಹಿಂಗ ಉಬ್ಬತೈತೇನಪ್ಪಾ? ಸಾಕ್ಷಿ ನಿಮ್ಮ ಕೊಟ್ಟಿಗಿಯಿಂದನ ಬಂದಾವು, ಇನ್ನ ನಾ ಏನ್ ಕೇಳಲಿ? ಹೊಲ ಆಕೀದು" ಎಂದರು. ಆರನೆಯ ಎತ್ತು ಅದೇ ಕ್ಷಣಕ್ಕೆ ಜೋರಾಗಿ ತೇಗಿತು. ಅಲ್ಲಿದ್ದವರೆಲ್ಲ ನಕ್ಕರು, ಅಣ್ಣತಮ್ಮಂದಿರೂ ನಕ್ಕರು. ಎತ್ತುಗಳಂತೂ ಬದುಕಿಕೊಂಡವು!

ಜನ ಚದುರಿದ ಮೇಲೆ ಮಾಮಿ ಚಪ್ಪಲಿ ಬಿಟ್ಟು ಮೊದಲ ಸಲ ಆ ಹೊಲಕ್ಕೆ ಇಳಿದರು. ಮೇಯ್ದ ಬುಡಗಳಲ್ಲಿ ಆಗಲೇ ನೀರು ಜಿನುಗುತ್ತಿತ್ತು, ನಾಲ್ಕು ದಿನಕ್ಕೆ ಮತ್ತೆ ಚಿಗುರುವ ಮೇವು ಅದು. ಒಂದು ಕಾಲಕ್ಕೆ ಕಲ್ಲಿನಂತಿದ್ದ ನೆಲದಲ್ಲಿ ಅವರ ಹೆಜ್ಜೆ ಮೆತ್ತಗೆ ಇಳಿಯಿತು. ಒಂದು ಹಿಡಿ ಮಣ್ಣು ತೆಗೆದು ನೋಡುತ್ತ ಕೂತರು. ಮಾಮು ಎಣ್ಣೆ ಮೆತ್ತಿದ ಕೈ ಒರೆಸಿಕೊಳ್ಳುತ್ತ ಪಕ್ಕದಲ್ಲಿ ನಿಂತರು.

"ಏನ್ರೀ" ಎಂದರು ಮಾಮಿ.

"ಹೂಂ."

"ನಾ ಸತ್ತರ ನನ್ನ ಮಣ್ಣೂ ಹಿಂಗ ಚೀಲದಾಗ ತುಂಬಿ ಎಲ್ಲೆರ ಒಯ್ದು ಚೆಲ್ಲತೀರೇನು?"

ಮಾಮು ಯಾವ ಪ್ರಶ್ನೆಗೂ ಉತ್ತರ ತಡಮಾಡಿದವರಲ್ಲ. ಅಂದು ಮಾತ್ರ ಮೊದಲು ಮಾಮಿಯ ಪಕ್ಕ ನೆಲಕ್ಕೆ ಕೂತರು. ಆಮೇಲೆ, "ನೀ ಹೋದ ಮ್ಯಾಲ ನಾ ಯಾರ ಸಲುವಾಗಿ ಹೊಲ ಹಸರ ಮಾಡ್ಲಿ? ಇದೆಲ್ಲಾ ನಿನ್ನ ಸಲುವಾಗಿ. ಶಬನಮ್ ಬರೇ ಕೂಲಿಗೆ ಬಂದಾಕಿ" ಎಂದರು. ಹೇಳುತ್ತ ಹೇಳುತ್ತ ಅತ್ತುಬಿಟ್ಟರು. ಕುದುರೆ ಸತ್ತ ದಿನವೂ ಅಳದ ಮನುಷ್ಯ! ನನ್ನ ಕಣ್ಣೂ ತುಂಬಿ ಬಂತು, ನಾನು ಮುಖ ತಿರುಗಿಸಿದೆ.

ಮಾಮಿ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದರು. ಹೊಲವನ್ನು ಉದ್ದಕ್ಕೂ ಅಗಲಕ್ಕೂ ಒಡತಿಯ ಕಣ್ಣಿನಿಂದ ಒಮ್ಮೆ ನೋಡಿ, 'ನಿಮ್ಮ ಆಕಿ' ಎನ್ನದೆ, 'ಸವತಿ' ಎನ್ನದೆ, ಮೆಲ್ಲಗೆ ಹೇಳಿದರು:

"ಆ ಬಾವಿ ಕಡಿ ಮೂಲಿ ಮತ್ತ ಚಿಗತಾಗ ಕೊಯ್ಯಬ್ಯಾಡ್ರಿ. ಅದು ಶಬನಮ್ ಪಾಲು."